ಕಣ್ಣಿಗೆ ಕಾಣದ ನಟ್ಟಿಗೆ ಬೆರಳೇ ಕಣ್ಣು

ಓದುಗರ ಗ್ಯಾರೇಜು: ಪ್ರಶ್ನೋತ್ತರ

ಪ್ರಶ್ನೆ: ಮೇಸ್ತ್ರಿಗಳಿಗೆ ನಮಸ್ಕಾರ. ನಮ್ಮ ತಂದೆಯವರು 1986ರಲ್ಲಿ ಕೊಂಡ ಅಂಬಾಸಿಡರ್ ಮಾರ್ಕ್ 4 ಪೆಟ್ರೋಲ್ ಗಾಡಿ ಇನ್ನೂ ನಮ್ಮ ಮನೆಯಲ್ಲಿದೆ. ಎಂಜಿನ್ ಹಳೇದೇ, ಬದಲಾಯಿಸಿಲ್ಲ. ನಾಲ್ಕು ತಿಂಗಳಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ನಿನ ಎಡಗಡೆಯಿಂದ ಟಕ್ ಟಕ್ ಸದ್ದು ಬರುತ್ತದೆ. ಹತ್ತು ನಿಮಿಷ ಓಡಿದರೆ ಕಮ್ಮಿಯಾಗುತ್ತದೆ. ಎಂಜಿನ್ನಿನ ಹೊಗೆಯನ್ನು ಸೈಲೆನ್ಸರಿನ ಪೈಪಿಗೆ ಸಾಗಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸೀಳು ಬಿಟ್ಟಿದೆ ಎಂದು ಪೇಟೆಯ ಮೆಕ್ಯಾನಿಕ್ ಹೇಳಿದರು. ಆದರೆ "ಹಳೇ ಗಾಡಿ ಸಾರ್, ಸ್ಟಡ್ ಮುರಿದರೆ ನನ್ನ ತಲೆಗೆ ಬರುತ್ತೆ" ಎಂದು ಕೈಹಾಕಲು ಒಪ್ಪಲಿಲ್ಲ. ಬೆಂಗಳೂರಿನಿಂದ ಬೇರೆ ಮ್ಯಾನಿಫೋಲ್ಡ್ ತರಿಸಿಟ್ಟುಕೊಂಡಿದ್ದೇನೆ. ನನ್ನ ಹತ್ತಿರ ರಿಂಗ್ ಪಾನಾ ಸೆಟ್, ಒಂದು ಜಾಕಿ ಇದೆ. ಲಿಫ್ಟ್ ಇಲ್ಲ, ಗುಂಡಿ ಇಲ್ಲ. ಗಾಡಿ ನಿಲ್ಲುವುದು ಅಡಿಕೆ ಸುಲಿಯುವ ಚಪ್ಪರದಲ್ಲಿ. ಕಾರ್ಬ್ಯುರೇಟರ್ ಅಡಿಯ ನಟ್ಟುಗಳು ಕಣ್ಣಿಗೇ ಕಾಣುವುದಿಲ್ಲ, ಕೈಯೂ ಸರಿಯಾಗಿ ಹೋಗುವುದಿಲ್ಲ. ನಾನೇ ಮಾಡಬಹುದೇ?
(ಓದುಗರೊಬ್ಬರು, ಸಾಗರ ತಾಲ್ಲೂಕು)

ಉತ್ತರ: ಮಾಡಬಹುದು. ಆದರೆ ಒಂದು ಭಾನುವಾರದ ಕೆಲಸ ಅಂದುಕೊಂಡು ಶುರು ಮಾಡಬೇಡಿ. ನಟ್ಟು ಬಿಚ್ಚುವ ದಿನಕ್ಕಿಂತ ಮೂರು ಸಂಜೆ ಮುಂಚೆಯೇ ಈ ಕೆಲಸ ಶುರುವಾಗಬೇಕು. ನಿಮ್ಮ ಮೆಕ್ಯಾನಿಕ್ ಹಿಂದೆ ಸರಿದದ್ದನ್ನು ನಾನು ತಪ್ಪು ಅನ್ನುವುದಿಲ್ಲ. ಮ್ಯಾನಿಫೋಲ್ಡ್ ಬದಲಾಯಿಸುವುದು ಕಷ್ಟವಲ್ಲ, ಅದನ್ನು ಎಂಜಿನ್ನಿನ ಮೇಲ್ಭಾಗಕ್ಕೆ, ಅಂದರೆ ಹೆಡ್ಡಿಗೆ, ಹಿಡಿದಿರುವ ಥ್ರೆಡ್ ಸರಳು (ಸ್ಟಡ್) ಮುರಿಯದೆ ಬದಲಾಯಿಸುವುದು ಕಷ್ಟ. ಅವರಿಗೆ ದಿನಕ್ಕೆ ನಾಲ್ಕು ಗಾಡಿ ನೋಡಬೇಕು, ನಿಮಗೆ ಇರುವುದು ಒಂದೇ. ಈ ಕೆಲಸಕ್ಕೆ ಬೇಕಾದ ಸಮಯ ನಿಮ್ಮ ಕೈಯಲ್ಲಿದೆ, ಅವರ ಕೈಯಲ್ಲಿ ಇರಲಿಲ್ಲ.

ಮೊದಲು ಇದನ್ನು ಕೇಳಿ. ರಿಪೇರಿ ಆಗುವವರೆಗೆ ಆ ಗಾಡಿಯಲ್ಲಿ ಕಿಟಕಿ ಮುಚ್ಚಿಕೊಂಡು ಯಾರೂ ಪ್ರಯಾಣ ಮಾಡಬಾರದು, ಅದರಲ್ಲೂ ಮಕ್ಕಳು. ಸೀಳಿನಿಂದ ಬರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ನಿಮ್ಮ ಗಾಡಿಯ ಎಂಜಿನ್ ಕೋಣೆಗೂ ಒಳಗಿನ ಕಾಲಿಡುವ ಜಾಗಕ್ಕೂ ನಡುವೆ ಇರುವ ತಗಡಿನಲ್ಲಿ ವೈರು, ಕೇಬಲ್ ಹೋಗುವ ತೂತುಗಳಿವೆ. ಅವುಗಳ ರಬ್ಬರು ಇಷ್ಟು ವರ್ಷದಲ್ಲಿ ಒಣಗಿ ಉದುರಿರುತ್ತದೆ. ಮೂಡಿಗೆರೆಯಲ್ಲಿ ನನ್ನ ಗ್ಯಾರೇಜು ಇದ್ದಾಗ ಒಂದು ಮಳೆಗಾಲ ಚಾರ್ಮಾಡಿ ಘಾಟಿ ಹತ್ತಿ ಬಂದ ಕುಟುಂಬವೊಂದು "ಎಲ್ಲರಿಗೂ ತಲೆನೋವು, ಘಾಟಿ ತಿರುವಿಗೆ ಇರಬೇಕು" ಎಂದು ಟೀ ಕುಡಿಯಲು ನಿಲ್ಲಿಸಿತು. ಹಿಂದಿನ ಸೀಟಿನಲ್ಲಿದ್ದ ಹುಡುಗಿ ಎಬ್ಬಿಸಿದರೂ ಏಳಲಿಲ್ಲ. ಮಳೆಗೆ ಗಾಜು ಪೂರ್ತಿ ಏರಿಸಿದ್ದರು. ಬಾನೆಟ್ ಎತ್ತಿ ನೋಡಿದರೆ ಮ್ಯಾನಿಫೋಲ್ಡಿನ ಸೀಳಿನ ಸುತ್ತ ಕಾಡಿಗೆ ಹಚ್ಚಿದ ಹಾಗೆ ಮಸಿ. ಮಗುವನ್ನು ತೆರೆದ ಗಾಳಿಗೆ ತಂದು, ಅಲ್ಲಿಂದ ಆಸ್ಪತ್ರೆಗೆ ಕರೆದೊಯ್ದರು, ಉಳಿಯಿತು. ಅವತ್ತಿನಿಂದ ಈ ಟಕ್ ಟಕ್ ಸದ್ದನ್ನು ನಾನು ಸಣ್ಣ ತೊಂದರೆ ಅಂತ ಯಾರಿಗೂ ಹೇಳಿಲ್ಲ.

ಇನ್ನು, ಸೀಳಿರುವುದು ಮ್ಯಾನಿಫೋಲ್ಡೋ, ಹೆಡ್ಡಿಗೂ ಅದಕ್ಕೂ ನಡುವಿನ ಪ್ಯಾಕಿಂಗ್ (ಗ್ಯಾಸ್ಕೆಟ್) ಮಾತ್ರ ಹೋಗಿದೆಯೋ, ಕೆಳಗಿನ ಪೈಪಿನ ಜಾಯಿಂಟೋ ಎಂದು ನೀವೇ ಒಮ್ಮೆ ಖಾತ್ರಿ ಮಾಡಿಕೊಳ್ಳಿ. ಕೆಲವರು ಊದುಬತ್ತಿ ಹಚ್ಚಿ ಹೊಗೆ ಎಲ್ಲಿ ಅಲುಗುತ್ತದೆ ಎಂದು ನೋಡುತ್ತಾರೆ. ನಿಮ್ಮ ಎಂಜಿನ್ನಿನಲ್ಲಿ ಅದನ್ನು ಮಾಡಲೇಬೇಡಿ, ಕಾರ್ಬ್ಯುರೇಟರ್ ಇರುವುದು ಅದೇ ಪಕ್ಕದಲ್ಲಿ, ಅಲ್ಲಿ ಪೆಟ್ರೋಲ್ ಇದೆ. ಎಂಜಿನ್ ಪೂರ್ತಿ ತಣ್ಣಗಿದ್ದಾಗ, ಆಫ್ ಮಾಡಿಯೇ, ಮನೆಯ ವ್ಯಾಕ್ಯೂಮ್ ಕ್ಲೀನರಿನ ಗಾಳಿ ಊದುವ ಬಾಯನ್ನು ಸೈಲೆನ್ಸರಿನ ತುದಿಗೆ ಹಳೇ ಬಟ್ಟೆ ಸುತ್ತಿ ಹಿಡಿಸಿ. ಪಾತ್ರೆ ತೊಳೆಯುವ ಸೋಪಿನ ನೀರನ್ನು ಮ್ಯಾನಿಫೋಲ್ಡಿನ ಮೇಲೆ ಚಿಮುಕಿಸಿ. ಸೋರುವ ಕಡೆ ನೊರೆ ಏಳುತ್ತದೆ. ಸೀಳಿನಲ್ಲಿ ಎದ್ದರೆ ನೀವು ತರಿಸಿದ್ದು ವ್ಯರ್ಥವಾಗಲಿಲ್ಲ. ಹೆಡ್ಡಿಗೆ ಸೇರುವ ಅಂಚಿನಲ್ಲಿ ಮಾತ್ರ ಎದ್ದರೆ ಪ್ಯಾಕಿಂಗ್ ಬದಲಾಯಿಸಿದರೆ ಸಾಕಾಗಬಹುದು. ಬಿಚ್ಚುವ ಕೆಲಸ ಎರಡಕ್ಕೂ ಒಂದೇ.

ಬಿಸಿಯಾದ ಮೇಲೆ ಸದ್ದು ಯಾಕೆ ಕಮ್ಮಿಯಾಗುತ್ತದೆ ಗೊತ್ತೇ? ಬೀಡು ಕಬ್ಬಿಣ ಹಿಗ್ಗಿ ಸೀಳು ಮುಚ್ಚಿಕೊಳ್ಳುತ್ತದೆ. ಆ ಹಿಗ್ಗುವಿಕೆಯ ಲೆಕ್ಕ ನಿಮಗೆ ಮುಂದೆ ಬೇಕಾಗುತ್ತದೆ, ಈಗಲೇ ಹೇಳಿಬಿಡುತ್ತೇನೆ. ಸುಮಾರು 40 ಸೆಂಟಿಮೀಟರ್ ಉದ್ದದ ಬೀಡು 500 ಡಿಗ್ರಿ ಬಿಸಿ ಏರಿದರೆ 2 ಮಿಲಿಮೀಟರಿಗೂ ಸ್ವಲ್ಪ ಹೆಚ್ಚು ಉದ್ದವಾಗುತ್ತದೆ. ಅದು ಕೂತಿರುವ ಹೆಡ್ಡೂ ಬೀಡೇ, ಆದರೆ ಹೆಡ್ಡಿನೊಳಗೆ ನೀರು ಓಡುತ್ತದೆ, ಅದು ಅಷ್ಟು ಬಿಸಿಯಾಗುವುದಿಲ್ಲ, ಅರ್ಧ ಮಿಲಿಮೀಟರೂ ಬೆಳೆಯುವುದಿಲ್ಲ. ಅಂದರೆ ಪ್ರತಿ ಸಲ ಗಾಡಿ ಓಡಿದಾಗಲೂ ಮ್ಯಾನಿಫೋಲ್ಡ್ ಹೆಡ್ಡಿನ ಮೇಲೆ ಜಾರಬೇಕು, ತಣ್ಣಗಾದಾಗ ಹಿಂದಕ್ಕೆ ಬರಬೇಕು. ಅದಕ್ಕೇ ಅದರ ತೂತುಗಳು ಸ್ಟಡ್ಡಿಗಿಂತ ದೊಡ್ಡವು. ಯಾರೋ ಒಬ್ಬರು ಹಿಂದೆ ಸಿಟ್ಟು ತೀರಿಸಿಕೊಳ್ಳುವ ಹಾಗೆ ಬಿಗಿ ಮಾಡಿದ್ದರೆ ಅದಕ್ಕೆ ಜಾರಲು ದಾರಿಯಿಲ್ಲ, ಸೀಳುತ್ತದೆ. ನಾನು ನೋಡಿದ ಒಡೆದ ಮ್ಯಾನಿಫೋಲ್ಡುಗಳಲ್ಲಿ ಅರ್ಧಕ್ಕರ್ಧ ಹೀಗೆ ಒಡೆದವೇ.

ಈಗ ಮೂರು ಸಂಜೆಯ ಮಾತು. ಬ್ಯಾಟರಿಯ ಟರ್ಮಿನಲ್ ತೆಗೆಯಿರಿ. ಏರ್ ಕ್ಲೀನರ್ ಇಳಿಸಿ. ಎಂಜಿನ್ ತಣ್ಣಗಿರುವಾಗ ತಂತಿ ಬ್ರಶ್ಶಿನಲ್ಲಿ ಸ್ಟಡ್ಡುಗಳ ತುದಿಯಲ್ಲಿ ಕಾಣುವ ಥ್ರೆಡ್ಡನ್ನು ಉಜ್ಜಿ ತೆಗೆಯಿರಿ. ಇದನ್ನು ಯಾರೂ ಮಾಡುವುದಿಲ್ಲ. ನಟ್ಟು ಹೊರಬರುವ ದಾರಿಯಲ್ಲಿ ತುಕ್ಕು ಇದ್ದರೆ ಅದು ಅರ್ಧದಲ್ಲಿ ಕಚ್ಚಿಕೊಳ್ಳುತ್ತದೆ, ಆಗ ಮುರಿಯುತ್ತದೆ. ಆಮೇಲೆ ತುಕ್ಕು ಬಿಡಿಸುವ ಎಣ್ಣೆಯನ್ನು ಪ್ರತಿ ನಟ್ಟಿನ ಬುಡಕ್ಕೂ ತುದಿಗೂ ಬಿಡಿ. ಕೈಗೆ ಸಿಗದ ಕಡೆಗೆ ಇಂಜೆಕ್ಷನ್ ಸಿರಿಂಜಿಗೆ ಸಣ್ಣ ರಬ್ಬರ್ ಕೊಳವೆ ಸಿಕ್ಕಿಸಿ ಬಿಟ್ಟರೆ ಸರಿಯಾಗಿ ಜಾಗಕ್ಕೆ ಬೀಳುತ್ತದೆ. ಪಾನಾ ಹಾಕಿ ಸುಮ್ಮನೆ ಒಂದೆರಡು ಸಲ ಸಣ್ಣ ಸುತ್ತಿಗೆಯಿಂದ ಪಾನಾದ ಹಿಡಿಯ ಮೇಲೆ ತಟ್ಟಿ. ತಿರುಗಿಸಬೇಡಿ. ತಟ್ಟಿದ್ದಕ್ಕೆ ಎಣ್ಣೆ ಒಳಗಿಳಿಯುತ್ತದೆ. ಮರುದಿನ ಸಂಜೆ ಮತ್ತೆ ಹೀಗೇ. ಮೂರನೇ ಸಂಜೆಯೂ ಹೀಗೇ. ಈ ದಿನಗಳಲ್ಲಿ ಗಾಡಿ ಓಡಿಸಬೇಡಿ, ಎಣ್ಣೆ ಸುಟ್ಟುಹೋಗುತ್ತದೆ, ಬೆಂಕಿಗೂ ದಾರಿ.

ಪಾನಾದ ಬಗ್ಗೆ ಒಂದು ಮುಖ್ಯ ಮಾತು. ನಿಮ್ಮ ಎಂಜಿನ್ ಇಂಗ್ಲೆಂಡಿನ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ (ಬಿಎಂಸಿ) ಕಂಪನಿಯ ಬಿ-ಸೀರೀಸ್, 1489 ಸಿಸಿ. ಅಳತೆ ಇಂಚಿನದ್ದು. ಮ್ಯಾನಿಫೋಲ್ಡಿನ ಸ್ಟಡ್ 5/16 ಇಂಚು, ನಟ್ಟಿಗೆ ಬೇಕಾದದ್ದು ಅರ್ಧ ಇಂಚಿನ ಪಾನಾ. ನಿಮ್ಮ ಸೆಟ್ಟಿನಲ್ಲಿ 13 ಮಿಲಿಮೀಟರಿನದ್ದು ಇರುತ್ತದೆ, ಅದು ಕೂರುತ್ತದೆ ಕೂಡ. ಅದನ್ನು ಬಳಸಬೇಡಿ. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. ಆ 0.3 ಮಿಲಿಮೀಟರಿನ ಸಡಿಲದಲ್ಲೇ ತುಕ್ಕು ತಿಂದ ನಟ್ಟಿನ ಮೂಲೆಗಳು ಸವೆದು ಉರುಟಾಗುತ್ತವೆ. ನೂರಿನ್ನೂರು ರೂಪಾಯಿಗೆ ಅರ್ಧ ಇಂಚಿನ ರಿಂಗ್ ಪಾನಾ ಎರಡು ಕೊಳ್ಳಿ. ಎರಡು ಯಾಕೆಂದರೆ ಒಂದನ್ನು ಕುಲುಮೆಗೆ ಒಯ್ಯಬೇಕು.

ಹೌದು, ಕುಲುಮೆಗೆ. ನನ್ನ ಹತ್ತಿರ ಒಂದು ಪಾನಾ ಇದೆ, ಹಾಸನದಲ್ಲಿ ನನಗೆ ಕೆಲಸ ಕಲಿಸಿದ ಉಸ್ತಾದರು ಕೊಟ್ಟದ್ದು. ನೋಡಿದವರು ಗಾಲಿಯಡಿ ಸಿಕ್ಕು ಹಾಳಾದದ್ದು ಅಂದುಕೊಳ್ಳಬೇಕು, ಹಾಗಿದೆ. ರಿಂಗಿನಿಂದ ಎರಡು ಬೆರಳು ದೂರದಲ್ಲಿ ಹಿಡಿ ಮೇಲಕ್ಕೆ ಬಾಗಿದೆ, ಮತ್ತೆ ಮೂರು ಬೆರಳು ದೂರದಲ್ಲಿ ಬಲಕ್ಕೆ ಹೊರಳಿದೆ. ರಿಂಗಿನ ಹೊರಗೋಡೆಯನ್ನು ಅರದಲ್ಲಿ ಉಜ್ಜಿ ತೆಳ್ಳಗೆ ಮಾಡಲಾಗಿದೆ. ಕಾರ್ಬ್ಯುರೇಟರ್ ಕೂರುವ ಇನ್‌ಲೆಟ್ ಕೊಳವೆಯ ಕೆಳಗೆ ಅಡಗಿರುವ ನಡುವಿನ ನಟ್ಟಿಗೆ ಅದು ಹಾವು ಹುತ್ತಕ್ಕೆ ಹೋದ ಹಾಗೆ ಹೋಗಿ ಕೂರುತ್ತದೆ. ನಿಮ್ಮೂರಿನ ಕಮ್ಮಾರರ ಹತ್ತಿರ ರಟ್ಟಿನಲ್ಲಿ ಕತ್ತರಿಸಿದ ಮಾದರಿ ಒಯ್ದರೆ ಹತ್ತು ನಿಮಿಷದ ಕೆಲಸ. ಕೆಂಪಗೆ ಕಾಯಿಸಿ ಬಾಗಿಸಿ, ನೀರಿಗೆ ಅದ್ದದೆ ತಾನಾಗಿ ಆರಲು ಬಿಡಲಿ. ನೀರಿಗೆ ಅದ್ದಿದರೆ ಗಾಜಿನ ಹಾಗೆ ಆಗಿ ಮುರಿಯುತ್ತದೆ.

ನಾಲ್ಕನೇ ದಿನ ಬೆಳಿಗ್ಗೆ ಶುರು ಮಾಡಿ, ಸಂಜೆ ಬೇಡ. ಬೆಳಕು ಬೇಕು, ಏನಾದರೂ ಬೇಕಾದರೆ ಅಂಗಡಿ ತೆರೆದಿರಬೇಕು. ಕಾರ್ಬ್ಯುರೇಟರಿಗೆ ಬರುವ ಪೆಟ್ರೋಲ್ ಪೈಪ್ ಬಿಚ್ಚಿ ಬಾಯಿಗೆ ಪೆನ್ಸಿಲ್ ತುಂಡು ಹೊಡೆಯಿರಿ. ಚೋಕ್ ಕೇಬಲ್, ಆಕ್ಸಿಲೇಟರ್ ರಾಡು, ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ಪೈಪು, ಒಂದೊಂದನ್ನೂ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಕಾರ್ಬ್ಯುರೇಟರನ್ನು ಇಳಿಸಿ ಮನೆಯೊಳಗೆ ಇಡಿ. ಇದನ್ನು ಇಳಿಸಿದರೆ ನಿಮ್ಮ ಅರ್ಧ ಸಮಸ್ಯೆ ಮುಗಿಯಿತು. ಅದನ್ನು ಬಿಚ್ಚದೆ ಹೇಗಾದರೂ ಸಂದಿಯಲ್ಲೇ ತೂರಿಸಿ ಮಾಡಿಬಿಡುತ್ತೇನೆ ಅನ್ನುವವರೇ ನಟ್ಟಿನ ಮೂಲೆ ಸವೆಸುವವರು. ಜಾಗ ಇಲ್ಲದ ಕಡೆ ಕೆಲಸ ಮಾಡುವಾಗ ಮೊದಲು ಜಾಗ ಮಾಡಿಕೊಳ್ಳಬೇಕು, ಅದಕ್ಕೆ ಒಂದು ಗಂಟೆ ಹೋದರೆ ಹೋಗಲಿ.

ಗಾಡಿಯ ಅಡಿಗೆ ಹಳೇ ಬೆಡ್‌ಶೀಟ್ ಹಾಸಿ. ಬಿದ್ದ ನಟ್ಟು ಅಡಿಕೆ ಸಿಪ್ಪೆಯಲ್ಲಿ ಕಳೆಯಬಾರದು. ಒಂದು ರಟ್ಟಿನ ಮೇಲೆ ಮ್ಯಾನಿಫೋಲ್ಡಿನ ಚಿತ್ರ ಬರೆದು, ಪ್ರತಿ ಸ್ಟಡ್ಡಿನ ಜಾಗದಲ್ಲಿ ತೂತು ಮಾಡಿ, ಬಿಚ್ಚಿದ ನಟ್ಟು ವಾಷರನ್ನು ಅದೇ ತೂತಿಗೆ ಸಿಕ್ಕಿಸುತ್ತಾ ಹೋಗಿ.

ಕಾಣದ ನಟ್ಟಿಗೆ ಕೈಹಾಕುವ ಮುಂಚೆ ಪಾನಾ ಕೆಳಗಿಡಿ. ಬರೀ ಬೆರಳಿನಲ್ಲಿ ಆ ನಟ್ಟನ್ನು ಹುಡುಕಿ. ಆರು ಮೂಲೆ ಎಣಿಸಿ. ಸ್ಟಡ್ಡಿನ ತುದಿ ಎಷ್ಟು ಹೊರಗಿದೆ, ವಾಷರ್ ಎಲ್ಲಿ ಮುಗಿಯುತ್ತದೆ, ಪಾನಾ ತಿರುಗಲು ಎಷ್ಟು ಜಾಗ ಸಿಗುತ್ತದೆ, ಎಲ್ಲವನ್ನೂ ಬೆರಳು ನೋಡಿಕೊಳ್ಳಲಿ. ಅನುಮಾನ ಬಂದರೆ ಮೊಬೈಲನ್ನು ತೂರಿಸಿ ವಿಡಿಯೋ ಮಾಡಿ ನೋಡಿ. ನಮ್ಮ ಕಾಲದಲ್ಲಿ ಕ್ಷೌರದ ಕನ್ನಡಿಯನ್ನು ಕೋಲಿಗೆ ಕಟ್ಟಿಕೊಳ್ಳುತ್ತಿದ್ದೆವು, ಅದರಲ್ಲಿ ಎಡ ಬಲವಾಗಿ ಕಾಣಿಸಿ, ಸಡಿಲ ಮಾಡುತ್ತಿದ್ದೇವೆಂದುಕೊಂಡು ಬಿಗಿ ಮಾಡಿದವರಿದ್ದಾರೆ. ಕಣ್ಣಿಗಿಂತ ಬೆರಳನ್ನು ನಂಬಿ.

ಇನ್ನು ಬಿಚ್ಚುವುದು. ನನಗೆ ಹತ್ತೊಂಬತ್ತು ವರ್ಷವಿದ್ದಾಗ ಪಾನಾದ ಹಿಡಿಗೆ ಪೈಪ್ ಸಿಕ್ಕಿಸಿ ಮೈಭಾರ ಹಾಕಿ ಎಳೆದು ಎರಡು ಸ್ಟಡ್ ಮುರಿದಿದ್ದೆ. ಉಸ್ತಾದರು ಬಯ್ಯಲಿಲ್ಲ. "ಈಗ ಹೆಡ್ ಇಳಿಸು" ಅಂದರು ಅಷ್ಟೇ. ನೀರು ಖಾಲಿ ಮಾಡಿ, ಹೆಡ್ ಬಿಚ್ಚಿ, ಲೇತಿಗೆ ಹೊತ್ತುಕೊಂಡು ಹೋಗಿ, ಮುರಿದದ್ದನ್ನು ತೆಗೆಸಿ, ಮತ್ತೆ ಕೂರಿಸುವ ಹೊತ್ತಿಗೆ ಎರಡು ದಿನ. ಮೂರನೇ ದಿನ ಅವರು ನನ್ನ ಕೈಯ ಮೇಲೆ ತಮ್ಮ ಕೈಯಿಟ್ಟು ಇನ್ನೊಂದು ಗಾಡಿಯ ನಟ್ಟು ಬಿಚ್ಚಿಸಿದರು. ಅವತ್ತು ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ. ಬಿಡುವ ನಟ್ಟು ಒಮ್ಮೆ 'ಕಿರ್ರ್' ಅನ್ನುತ್ತದೆ, ಕೈಗೆ ಒಂದು ಜಗ್ಗು ಸಿಗುತ್ತದೆ, ಆಮೇಲೆ ಬಿಗಿಯಾಗಿಯೇ ಆದರೂ ಒಂದೇ ಸಮನೆ ತಿರುಗುತ್ತದೆ. ಮುರಿಯಲಿರುವ ಸ್ಟಡ್ ಸದ್ದು ಮಾಡುವುದಿಲ್ಲ. ಪಾನಾ ತಿರುಗುತ್ತದೆ, ಆದರೆ ರಬ್ಬರ್ ಎಳೆದ ಹಾಗೆ ಮೆತ್ತಗೆ, ಬಿಟ್ಟರೆ ಹಿಂದಕ್ಕೆ ಬರುವ ಹಾಗೆ. ಅಲ್ಲಿ ನಟ್ಟು ತಿರುಗುತ್ತಿಲ್ಲ, ಸ್ಟಡ್ಡೇ ತಿರುಚಿಕೊಳ್ಳುತ್ತಿದೆ. ಆ ಮೆತ್ತಗಿನ ಅನುಭವ ಬಂದ ಕ್ಷಣ ಕೈ ನಿಲ್ಲಿಸಿ. ಸ್ವಲ್ಪ ಬಿಗಿ ಮಾಡುವ ಕಡೆಗೆ ತಿರುಗಿಸಿ, ಎಣ್ಣೆ ಬಿಡಿ, ತಟ್ಟಿ, ಇನ್ನೊಂದು ನಟ್ಟಿಗೆ ಹೋಗಿ, ಅರ್ಧ ಗಂಟೆ ಬಿಟ್ಟು ವಾಪಸ್ ಬನ್ನಿ. ಕಾಲು ಸುತ್ತು ಹೊರಗೆ, ಅರ್ಧದಷ್ಟು ಒಳಗೆ, ಹೀಗೇ ಬಿಚ್ಚಬೇಕು.

ಹೀಗೆ ಮಾಡಿಯೂ ಬಿಡದ ನಟ್ಟು ಒಂದಾದರೂ ಇರುತ್ತದೆ. ಆಗ ನಟ್ಟನ್ನು ಬಲಿ ಕೊಟ್ಟು ಸ್ಟಡ್ಡನ್ನು ಉಳಿಸಿಕೊಳ್ಳಿ. ಹ್ಯಾಕ್ಸಾ ಬ್ಲೇಡಿನ ತುಂಡಿಗೆ ಬಟ್ಟೆ ಸುತ್ತಿ ಹಿಡಿದು, ನಟ್ಟಿನ ಒಂದು ಪಕ್ಕವನ್ನು ಸ್ಟಡ್ಡಿಗೆ ಸಮಾನಾಂತರವಾಗಿ ಕೊಯ್ಯಿರಿ, ಥ್ರೆಡ್ ಮುಟ್ಟುವ ಮುಂಚೆ ನಿಲ್ಲಿಸಿ. ಉಳಿಯಿಂದ ಒಂದೇಟು ಕೊಟ್ಟರೆ ಬಿರಿಯುತ್ತದೆ. ಕನ್ನಡಕ ಹಾಕಿಕೊಳ್ಳಿ. ಗ್ಯಾಸ್ ಕಟ್ಟರಿನಿಂದ ಕಾಯಿಸುವ ಯೋಚನೆ ಚಪ್ಪರದಲ್ಲಿ ಬೇಡವೇ ಬೇಡ, ತಲೆಯ ಮೇಲೆ ಒಣ ಸೋಗೆ, ಪಕ್ಕದಲ್ಲಿ ಪೆಟ್ರೋಲ್.

ಕೆಳಗಿನ ಪೈಪಿನ ಜಾಯಿಂಟ್ ಬಿಚ್ಚಲು ಗಾಡಿಯಡಿ ಮಲಗಬೇಕಾಗುತ್ತದೆ. ಜಾಕಿಯ ಮೇಲೆ ನಿಂತ ಗಾಡಿಯಡಿ ತಲೆ ಹಾಕಬೇಡಿ. ಕಲ್ಲು, ಇಟ್ಟಿಗೆ, ಸಿಮೆಂಟ್ ಬ್ಲಾಕ್ ಯಾವುದೂ ಬೇಡ, ಅವು ಹೇಳದೆ ಕೇಳದೆ ಒಡೆಯುತ್ತವೆ. ಎರಡು ಕಬ್ಬಿಣದ ಸ್ಟ್ಯಾಂಡ್ ಬಾಡಿಗೆಗೆ ತನ್ನಿ, ಗಟ್ಟಿ ನೆಲದಲ್ಲಿ ಇಡಿ, ಹಿಂದಿನ ಗಾಲಿಗಳಿಗೆ ಅಡ್ಡ ಕೊಡಿ. ನೀವು ಅಡಿಯಲ್ಲಿರುವಾಗ ಮನೆಯವರೊಬ್ಬರು ಹತ್ತಿರ ಇರಲಿ.

ಹಳೇದು ಹೊರಬಂದ ಮೇಲೆ ಹೆಡ್ಡಿಗೆ ಅಂಟಿದ ಹಳೇ ಪ್ಯಾಕಿಂಗನ್ನು ಒಣಗಿದ್ದಾಗ ಕೆರೆಯಬೇಡಿ. ಆ ಕಾಲದ ಪ್ಯಾಕಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಪುಡಿ ಶ್ವಾಸಕೋಶಕ್ಕೆ ಹೋದರೆ ಹೊರಬರುವುದಿಲ್ಲ. ನೀರು ಹಚ್ಚಿ ನೆನೆಸಿ, ಮೂಗಿಗೆ ಮಾಸ್ಕ್ ಹಾಕಿಕೊಂಡು, ಮೊಂಡು ಚಾಕುವಿನಿಂದ ಬಿಡಿಸಿ, ಒದ್ದೆ ಬಟ್ಟೆಯಲ್ಲೇ ಒರೆಸಿ ಕಟ್ಟಿ ಬಿಸಾಡಿ. ಕೆರೆಯುವ ಮುಂಚೆ ಹೆಡ್ಡಿನ ಬಾಯಿಗಳಿಗೆ ಬಟ್ಟೆ ತುರುಕುವುದನ್ನು ಮರೆಯಬೇಡಿ, ಆಮೇಲೆ ತೆಗೆಯುವುದನ್ನೂ ಮರೆಯಬೇಡಿ.

ತರಿಸಿರುವ ಮ್ಯಾನಿಫೋಲ್ಡನ್ನು ಕೂರಿಸುವ ಮುಂಚೆ ಎರಡು ಪರೀಕ್ಷೆ. ಮೊದಲನೆಯದು ಎಲ್ಲರಿಗೂ ಗೊತ್ತು: ಹೆಡ್ಡಿಗೆ ಕೂರುವ ಮುಖದ ಮೇಲೆ ನೇರವಾದ ಉಕ್ಕಿನ ಪಟ್ಟಿ ಇಟ್ಟು ಬೆಳಕು ಕಾಣುತ್ತದೆಯೇ ನೋಡುವುದು. ಬಾಗಿದ್ದರೆ ಲೇತ್ ವರ್ಕ್‌ಶಾಪಿನಲ್ಲಿ ಆ ಮುಖವನ್ನು ಸಮ ಮಾಡಿಸಬೇಕು. ಎರಡನೆಯದು ನಿಮ್ಮ ಎಂಜಿನ್ನಿಗೇ ವಿಶೇಷ, ಇದನ್ನು ತಿಳಿಯದೆ ಹೊಸ ಪ್ಯಾಕಿಂಗ್ ಮೂರು ಸಲ ಹಾಕಿ ಸುಸ್ತಾದವರನ್ನು ನೋಡಿದ್ದೇನೆ. ಈ ಹೆಡ್ಡಿನಲ್ಲಿ ಹೊಗೆ ಹೊರಬರುವ ಬಾಯಿ ಮೂರು, ನಡುವಿನದು ಎರಡನೇ ಮತ್ತು ಮೂರನೇ ಸಿಲಿಂಡರಿಗೆ ಸೇರಿ ಒಂದೇ. ಒಳಗೆ ಎಳೆಯುವ ಬಾಯಿ ಎರಡು. ಐದೂ ಒಂದೇ ಪಕ್ಕದಲ್ಲಿ, ಒಂದೇ ಪ್ಯಾಕಿಂಗಿನ ಮೇಲೆ. ಇನ್‌ಲೆಟ್ ಮತ್ತು ಎಕ್ಸಾಸ್ಟ್ ಅಕ್ಕಪಕ್ಕ ಬರುವ ಕಡೆ ಒಂದೇ ನಟ್ಟು, ಒಂದೇ ದಪ್ಪ ವಾಷರ್ ಎರಡನ್ನೂ ಒತ್ತಿ ಹಿಡಿಯುತ್ತದೆ. ವಾಷರಿನ ಅರ್ಧ ಇದರ ಮೇಲೆ, ಅರ್ಧ ಅದರ ಮೇಲೆ. ಎರಡರ ಕಿವಿಯ, ಅಂದರೆ ವಾಷರ್ ಒತ್ತುವ ಚಾಚಿನ, ದಪ್ಪ ಒಂದೇ ಆಗಿದ್ದರೆ ಸರಿ. ತರಿಸಿದ ಮ್ಯಾನಿಫೋಲ್ಡಿನ ಕಿವಿ ಕೂದಲೆಳೆಯಷ್ಟು ತೆಳ್ಳಗಿದ್ದರೂ ವಾಷರ್ ವಾಲುತ್ತದೆ, ಇನ್‌ಲೆಟ್ ಮಾತ್ರ ಬಿಗಿಯಾಗುತ್ತದೆ, ಎಕ್ಸಾಸ್ಟ್ ಸೋರುತ್ತಲೇ ಇರುತ್ತದೆ. ಎಷ್ಟು ಬಿಗಿ ಮಾಡಿದರೂ ಸ್ಟಡ್ ಬಾಗುತ್ತದೆಯೇ ಹೊರತು ಸೋರಿಕೆ ನಿಲ್ಲುವುದಿಲ್ಲ. ವರ್ನಿಯರ್ ಕ್ಯಾಲಿಪರಿನಲ್ಲಿ ಎರಡರ ದಪ್ಪವನ್ನೂ ಅಳೆದು ನೋಡಿ, ಊರಿನ ಹೈಸ್ಕೂಲಿನ ವಿಜ್ಞಾನದ ಮೇಷ್ಟರ ಹತ್ತಿರ ಇರುತ್ತದೆ. ವ್ಯತ್ಯಾಸವಿದ್ದರೆ ದಪ್ಪಗಿರುವ ಕಿವಿಯ ಮೇಲೆ, ವಾಷರ್ ಕೂರುವ ಜಾಗವನ್ನಷ್ಟೇ, ಅರದಲ್ಲಿ ಉಜ್ಜಿ ಸಮ ಮಾಡಿ. ಹೆಡ್ಡಿಗೆ ಕೂರುವ ಮುಖವನ್ನು ಮಾತ್ರ ಮುಟ್ಟಬೇಡಿ.

ನಟ್ಟುಗಳನ್ನು ಹಿತ್ತಾಳೆಯದ್ದು ಹಾಕಿ. ಹಿತ್ತಾಳೆ ಉಕ್ಕಿಗೆ ತುಕ್ಕಿನಲ್ಲಿ ಅಂಟಿಕೊಳ್ಳುವುದಿಲ್ಲ, ಮುಂದಿನ ಸಲ ಬಿಚ್ಚುವವರು ನಿಮ್ಮನ್ನು ನೆನೆಸಿಕೊಳ್ಳುತ್ತಾರೆ. ಆದರೆ ಕೊಳ್ಳುವಾಗ 5/16 ಇಂಚಿನ ಯುಎನ್‌ಎಫ್ (ಇಂಚಿನ ಅಳತೆಯ ಸಣ್ಣ ಥ್ರೆಡ್) ಎಂದು ಕೇಳಿ, ಕೈಯಲ್ಲಿ ಹಳೇ ಸ್ಟಡ್ಡೋ ನಟ್ಟೋ ಹಿಡಿದುಕೊಂಡೇ ಹೋಗಿ. 8 ಮಿಲಿಮೀಟರಿನ ನಟ್ಟು ನೋಡಲು ಹಾಗೇ ಇರುತ್ತದೆ. ಇಂಚಿನ ಸ್ಟಡ್ 7.94 ಮಿಲಿಮೀಟರ್, ಅದಕ್ಕೆ 8ರ ನಟ್ಟು ಒಂದೆರಡು ಸುತ್ತು ಹೋಗುತ್ತದೆ ಕೂಡ. ಥ್ರೆಡ್ಡಿನ ಅಂತರ ಬೇರೆ ಆದ್ದರಿಂದ ಆಮೇಲೆ ಕಚ್ಚುತ್ತದೆ. ಪಾನಾ ಹಾಕಿ ತಿರುಗಿಸಿದರೆ ಎರಡರ ಥ್ರೆಡ್ಡೂ ಹಾಳು. ಹೊಸ ನಟ್ಟು ಪೂರ್ತಿ ಬೆರಳಿನಲ್ಲೇ ಬುಡದವರೆಗೆ ಹೋಗಬೇಕು, ಇಲ್ಲದಿದ್ದರೆ ಅದು ನಿಮ್ಮ ನಟ್ಟಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕಿದರೆ ಸಿಗುತ್ತದೆ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿತು, ಹಾಗಾಗಿ ಸಿಕ್ಕಾಗ ಒಂದು ಜೊತೆ ಹೆಚ್ಚಿಗೆ ತೆಗೆದಿಟ್ಟುಕೊಳ್ಳಿ.

ಕಾಣದ ಜಾಗಕ್ಕೆ ನಟ್ಟು ತಲುಪಿಸುವುದು ಹೇಗೆ? ಪಾನಾದ ರಿಂಗಿನೊಳಗೆ ಪತ್ರಿಕೆಯ ಸಣ್ಣ ಚೂರು ಇಟ್ಟು ಅದರ ಮೇಲೆ ನಟ್ಟನ್ನು ಒತ್ತಿದರೆ ಬೀಳದೆ ಕೂರುತ್ತದೆ. ವಾಷರಿಗೆ ಹಿಂದೆ ಗ್ರೀಸ್ ಸವರಿ ಬೆರಳ ತುದಿಗೆ ಅಂಟಿಸಿಕೊಂಡು ಹೋಗಿ ಸ್ಟಡ್ಡಿಗೆ ತೊಡಿಸಿ. ಹಿತ್ತಾಳೆ ನಟ್ಟು ಬಿದ್ದರೆ ಅಯಸ್ಕಾಂತಕ್ಕೆ ಸಿಗುವುದಿಲ್ಲ, ಬೆಡ್‌ಶೀಟ್ ಹಾಸಲು ಹೇಳಿದ್ದು ಅದಕ್ಕೂ.

ಬಿಗಿ ಎಷ್ಟು? 15 ಪೌಂಡ್-ಅಡಿ, ನಮ್ಮ ಲೆಕ್ಕದಲ್ಲಿ ಸುಮಾರು 2 ಕಿಲೋಗ್ರಾಂ-ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಆ ಬಲ ಅಳೆಯುವ ಟಾರ್ಕ್ ರೆಂಚ್ ಆ ಸಂದಿಗೆ ಹೋಗುವುದಿಲ್ಲ. 20 ಸೆಂಟಿಮೀಟರ್ ಉದ್ದದ ಪಾನಾದ ತುದಿಗೆ 10 ಕಿಲೋ ಭಾರ ಹಾಕಿದರೆ ಅದೇ ಆಗುತ್ತದೆ. ಅದು ಎಷ್ಟು ಎಂದು ಕೈಗೆ ತಿಳಿಯಬೇಕಾದರೆ ತಕ್ಕಡಿಯ ಕೊಕ್ಕೆಯನ್ನು ಪಾನಾದ ತುದಿಗೆ ಸಿಕ್ಕಿಸಿ, ಹೊರಗೆ ಕಾಣುವ ನಟ್ಟಿನ ಮೇಲೆ 10 ಕಿಲೋ ತೋರಿಸುವವರೆಗೆ ಎಳೆದು ನೋಡಿ. "ಇಷ್ಟೇನಾ?" ಅನ್ನಿಸುತ್ತದೆ. ಇಷ್ಟೇ. ಆ ಕೈಯಳತೆಯನ್ನೇ ಒಳಗಿನ ನಟ್ಟಿಗೂ ಒಯ್ಯಿರಿ. ನಡುವಿನಿಂದ ಶುರು ಮಾಡಿ ಎರಡೂ ತುದಿಗೆ ಹೋಗಿ, ಮೂರು ಸುತ್ತಿನಲ್ಲಿ ಬಿಗಿ ಮಾಡಿ, ಒಂದೇ ಸಲಕ್ಕೆ ಬೇಡ. ಕೆಳಗಿನ ಪೈಪನ್ನು ಕೊನೆಯಲ್ಲಿ ಬಿಗಿ ಮಾಡಿ. ಪ್ಯಾಕಿಂಗಿಗೆ ಯಾವ ಅಂಟೂ ಹಚ್ಚಬೇಡಿ, ಒಣದಾಗಿಯೇ ಕೂರಲಿ. ಅಂಟು ಸುಟ್ಟು ಬೂದಿಯಾಗಿ ಆ ಜಾಗ ಖಾಲಿಯಾಗುತ್ತದೆ.

ಮೊದಲ ಸ್ಟಾರ್ಟ್ ಅಂಗಳದಲ್ಲಿ, ಬಯಲಿನಲ್ಲಿ ಮಾಡಿ. ಕಾಲು ಗಂಟೆ ಹೊಗೆ ಬರುತ್ತದೆ, ಹೆದರಬೇಡಿ, ಅದು ನೀವೇ ಬಿಟ್ಟ ಎಣ್ಣೆ. ಪೆಟ್ರೋಲ್ ಪೈಪಿನ ಜಾಯಿಂಟ್ ಮಾತ್ರ ಕಣ್ಣಿಟ್ಟು ನೋಡುತ್ತಿರಿ. ಪೂರ್ತಿ ತಣ್ಣಗಾದ ಮೇಲೆ, ಮರುದಿನ ಬೆಳಿಗ್ಗೆ, ಎಲ್ಲ ನಟ್ಟುಗಳನ್ನೂ ಇನ್ನೊಮ್ಮೆ ಅದೇ ಅಳತೆಗೆ ನೋಡಿ, ಪ್ಯಾಕಿಂಗ್ ಕೂತು ಸ್ವಲ್ಪ ಸಡಿಲವಾಗಿರುತ್ತದೆ. 500 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ. ಕಾಲಿಡುವ ಕಡೆಯ ತಗಡಿನ ತೂತುಗಳಿಗೆ ಹೊಸ ರಬ್ಬರ್ ಹಾಕುವ ಕೆಲಸವನ್ನೂ ಅದೇ ವಾರ ಮುಗಿಸಿಬಿಡಿ.

ಅಷ್ಟಾಗಿಯೂ ಒಂದು ಸ್ಟಡ್ ಮುರಿದರೆ? ತುದಿ ಸ್ವಲ್ಪವಾದರೂ ಹೊರಗಿದ್ದರೆ ಒಳ್ಳೆಯ ವೆಲ್ಡರ್ ಅದರ ಮೇಲೆ ನಟ್ಟೊಂದನ್ನು ವೆಲ್ಡ್ ಮಾಡಿ ಬಿಚ್ಚುತ್ತಾರೆ, ಆ ಕಾವಿಗೇ ಅರ್ಧ ಸಡಿಲವಾಗುತ್ತದೆ. ಬಯಲಿನಲ್ಲಿ, ಪೆಟ್ರೋಲನ್ನು ದೂರ ಇಟ್ಟು. ಹೆಡ್ಡಿನ ಮಟ್ಟಕ್ಕೆ ಮುರಿದಿದ್ದರೆ ಕೈ ಡ್ರಿಲ್ಲಿನಲ್ಲಿ ಓರೆಯಾಗಿ ಕೊರೆದು ತೂತನ್ನೇ ಕೆಡಿಸಬೇಡಿ. ಹೆಡ್ ಇಳಿಸಿ ಲೇತಿಗೆ ಒಯ್ಯಿರಿ. ಎರಡು ದಿನ ಹೋಗುತ್ತದೆ, ಹೆಡ್ ಉಳಿಯುತ್ತದೆ.

ಪ್ರಶ್ನೆ: ನಾನು ಅಮೆರಿಕದ ಡೆಟ್ರಾಯಿಟ್ ಹತ್ತಿರ ಇದ್ದೇನೆ. 2003ರ ಹೋಂಡಾ ಸಿವಿಕ್, 1.7 ಲೀಟರ್. ಮ್ಯಾನಿಫೋಲ್ಡ್ ಮತ್ತು ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಂದೇ ತುಂಡು, ರೇಡಿಯೇಟರಿನ ಕಡೆಗಿದೆ, ಸೀಳಿದೆ. ಗ್ಯಾರೇಜಿನವರು ಹೇಳುವ ಕೂಲಿ ಗಾಡಿಯ ಬೆಲೆಯ ಹತ್ತಿರ ಹೋಗುತ್ತದೆ. ಅಪ್ಪ ಊರಿನಲ್ಲಿ ನಿಮ್ಮ ಅಂಕಣ ಓದುತ್ತಾರೆ, ಕೇಳು ಎಂದರು.

ಉತ್ತರ: ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಪ್ಪ. ಇಂಚಿನ ಅಳತೆ, ಬಿಗಿಯ ಲೆಕ್ಕ ಬಿಟ್ಟರೆ ಮೇಲೆ ಸಾಗರದವರಿಗೆ ಬಿಚ್ಚುವ ಬಗ್ಗೆ ಬರೆದದ್ದು ನಿನಗೂ ಅನ್ವಯಿಸುತ್ತದೆ, ಮೂರು ಸಂಜೆಯ ಬದಲು ಒಂದು ವಾರ ಎಣ್ಣೆ ಬಿಡು. ನಿಮ್ಮಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುತ್ತಾರೆ, ಅಡಿಯ ನಟ್ಟುಗಳನ್ನು ಅದು ತಿಂದುಹಾಕಿರುತ್ತದೆ. ಅಂಥವನ್ನು ಬಿಚ್ಚಲು ಹೋಗದೆ ಕೊಯ್ದು ತೆಗೆಯುವುದೇ ಸರಿ, ಹೊಸ ಬೋಲ್ಟು ಸ್ಪ್ರಿಂಗುಗಳನ್ನು ಮುಂಚೆಯೇ ತರಿಸಿಟ್ಟುಕೋ. ಜಾಗಕ್ಕಾಗಿ ರೇಡಿಯೇಟರಿನ ಎಲೆಕ್ಟ್ರಿಕ್ ಫ್ಯಾನನ್ನು ಅದರ ಚೌಕಟ್ಟಿನ ಸಮೇತ ಹೊರತೆಗೆ, ಒಂದು ಕೈ ಹೋಗುವಷ್ಟು ದಾರಿ ಸಿಗುತ್ತದೆ. ರೇಡಿಯೇಟರಿನ ಮೇಲೆ ದಪ್ಪ ರಟ್ಟು ಇಡು, ಪಾನಾ ಜಾರಿ ಒಂದು ರೆಕ್ಕೆಗೆ ತಾಗಿದರೆ ಇನ್ನೊಂದು ಖರ್ಚು. ಆಕ್ಸಿಜನ್ ಸೆನ್ಸರಿಗೆ ಪಕ್ಕ ಸೀಳಿರುವ 22 ಮಿಲಿಮೀಟರಿನ ಸಾಕೆಟ್ ಬೇಕು, ವೈರು ಅದರ ಸೀಳಿನಲ್ಲಿ ಹೊರಬರುತ್ತದೆ. ನಿನ್ನ ಗಾಡಿಯ ಹೆಡ್ ಅಲ್ಯೂಮಿನಿಯಂ, ಥ್ರೆಡ್ ಬಹಳ ಮೆತ್ತಗೆ, ಆದ್ದರಿಂದ ಅಂದಾಜಿನಲ್ಲಿ ಬಿಗಿ ಮಾಡಬೇಡ, ಕಂಪನಿಯ ಮ್ಯಾನುಅಲ್ಲಿನ ಅಳತೆಗೆ ಟಾರ್ಕ್ ರೆಂಚ್ ಬಳಸು. ಕನ್ವರ್ಟರ್ ಇಲ್ಲದ ಬರೀ ಪೈಪ್ ಅಗ್ಗಕ್ಕೆ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡ. ಅಲ್ಲಿನ ಕೇಂದ್ರ ಕಾನೂನು ಕನ್ವರ್ಟರ್ ತೆಗೆಯುವುದನ್ನು ನಿಷೇಧಿಸುತ್ತದೆ, ಅಲ್ಲದೆ ನಿನ್ನ ಬೀದಿಯ ಮಕ್ಕಳು ಉಸಿರಾಡುವುದೂ ಅದೇ ಗಾಳಿ.

ಪ್ರಶ್ನೆ: ಮ್ಯಾನಿಫೋಲ್ಡಿನಲ್ಲಿ ಬೆರಳುದ್ದದ ಸೀಳಿದೆ. ಎಪಾಕ್ಸಿ ಪೇಸ್ಟ್ ಮೆತ್ತಿ ಆಸ್ಬೆಸ್ಟಾಸ್ ದಾರ ಸುತ್ತಿದರೆ ಸಾಲದೇ?
(ಓದುಗರೊಬ್ಬರು, ಉಡುಪಿ)

ಉತ್ತರ: ಸಾಲದು. ಸಾಧಾರಣ ಎಪಾಕ್ಸಿ 150 ಡಿಗ್ರಿ ದಾಟಿದರೆ ನಿಲ್ಲುವುದಿಲ್ಲ, ಅಲ್ಲಿ ಅದರ ಮೂರು ನಾಲ್ಕು ಪಟ್ಟು ಬಿಸಿ. ದಾರ ಸುತ್ತಿದರೆ ಸೀಳು ಕಣ್ಣಿಗೆ ಮರೆಯಾಗುತ್ತದೆ, ಹೊಗೆ ಬರುವುದು ನಿಲ್ಲುವುದಿಲ್ಲ, ಆಸ್ಬೆಸ್ಟಾಸ್ ಅಂತೂ ಮನೆಗೆ ತರಬೇಡಿ. ಬೇರೆ ಮ್ಯಾನಿಫೋಲ್ಡ್ ಸಿಗುವುದೇ ಇಲ್ಲ ಎಂದಾದರೆ, ಬಿಚ್ಚಿ ಬೀಡು ವೆಲ್ಡ್ ಮಾಡಿ ಅನುಭವವಿರುವವರ ಹತ್ತಿರ ಒಯ್ಯಿರಿ. ಸೀಳಿನ ಎರಡೂ ತುದಿಗೆ 3 ಮಿಲಿಮೀಟರಿನ ತೂತು ಕೊರೆದು ಅದು ಮುಂದೆ ಹೋಗದಂತೆ ತಡೆಯಬೇಕು, ಇಡೀ ತುಂಡನ್ನು ಕಾಯಿಸಿಕೊಂಡು ನಿಕ್ಕಲ್ ರಾಡಿನಲ್ಲಿ ಸ್ವಲ್ಪ ಸ್ವಲ್ಪವೇ ವೆಲ್ಡ್ ಮಾಡಬೇಕು, ಮುಗಿದ ಮೇಲೆ ಬಿಸಿ ಬೂದಿಯಲ್ಲಿ ಹೂತಿಟ್ಟು ರಾತ್ರಿಯಿಡೀ ಆರಿಸಬೇಕು. ಬಿಸಿ ಇದ್ದಾಗಲೇ ನೀರು ಎರಚುವ ವೆಲ್ಡರ್ ಆದರೆ ಮ್ಯಾನಿಫೋಲ್ಡನ್ನು ವಾಪಸ್ ತೆಗೆದುಕೊಂಡು ಬನ್ನಿ.